ಅಜ್ಜಿಯ ಮುಖ

"ದೀಪ ಇನ್ನೂ ಒಳಗೆ ಬಿಡೇ. ಅಯ್ಯೋ, ನನ್ನ ಕಣ್ಣಿಗಲ್ಲ, ಗಿಟಾರಿನ ಹೊಟ್ಟೆಗೆ!"

ಚೂಟಿ ವೈರಿನ ತುದಿಯಲ್ಲಿದ್ದ ಪುಟ್ಟ ಬಲ್ಬನ್ನು ಗಿಟಾರಿನ ದುಂಡು ಬಾಯಿಯೊಳಕ್ಕೆ ಇನ್ನಷ್ಟು ಇಳಿಬಿಟ್ಟಳು. ಅವಳ ಸೋದರತ್ತೆ ಹಲ್ಲಿನ ಡಾಕ್ಟರು ಬಳಸುವಂಥ ಕನ್ನಡಿಯೊಂದನ್ನು ಅದೇ ಬಾಯಲ್ಲಿ ತೂರಿಸಿ, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕಿರಿದು ಮಾಡಿಕೊಂಡು ಬಗ್ಗಿ ನಿಂತಿದ್ದರು. ಅವರ ತಲೆಗೂದಲಿಗೆಲ್ಲ ಮರದ ಹೊಟ್ಟು ಮೆತ್ತಿಕೊಂಡಿತ್ತು.

"ಏನಾದ್ರೂ ಕಾಣ್ತಾ, ಅತ್ತೆ?"

"ಕಾಣ್ತಾ ಇದೆ. ನೀನು ಬಾಯಿ ಮುಚ್ಚಿದ್ರೆ ಇನ್ನೂ ಚೆನ್ನಾಗಿ ಕಾಣತ್ತೆ."

ಚೂಟಿ ಬಾಯಿ ಮುಚ್ಚಿದಳು. ಹೊರಗೆ ಅವಳಿಗೆ ಪತ್ತೇದಾರಿಣಿ ಎಂಬ ಹೆಸರು ಎಷ್ಟೇ ಇರಲಿ, ಈ ಕೋಣೆಯಲ್ಲಿ ಅವಳು ಬರೀ ದೀಪ ಹಿಡಿಯುವವಳು. ಇವತ್ತಿನ ಕೇಸಂತೂ ಮನೆಯದೇ. ಸಂಗೀತ ಶಾಲೆಯ ಹಳೆಯ ಗಿಟಾರನ್ನು ಕಾರ್ಯಕ್ರಮಕ್ಕೆಂದು ಒಯ್ದಿದ್ದ ಅಕ್ಕನ ಗಂಡ, ಅಸಲಿಯನ್ನು ಎಲ್ಲೋ ದಾಟಿಸಿ ನಕಲಿಯನ್ನು ತಂದಿಟ್ಟಿದ್ದಾರೆ ಎಂದು ಶಾಲೆಯ ಮೇಷ್ಟ್ರು ಆಪಾದಿಸಿದ್ದರು. ಸಂಜೆಯೊಳಗೆ ಅದು ಸುಳ್ಳೆಂದು ತೋರಿಸದಿದ್ದರೆ ಭಾವನ ಮೇಲೆ ಪೊಲೀಸ್ ದೂರು ಖಾತ್ರಿ.

"ಪರ ಊರಿನ ಪರಿಣತರು ಯಾರೂ ಬೇಡ. ಅತ್ತೆ ಹತ್ರಾನೇ ತಗೊಂಡು ಹೋಗು" ಎಂದು ಬೆಳಿಗ್ಗೆ ಹಟ ಹಿಡಿದವಳು ಅಕ್ಕನೇ. ಚೂಟಿಗೆ ಅದೇ ಸೋಜಿಗ. ಅಕ್ಕ ಮದುವೆಗೆ ಮುಂಚೆ ಇದೇ ಕೋಣೆಯಲ್ಲಿ ಕೂತು ಅತ್ತೆಯಿಂದ ಕೆಲಸ ಕಲಿಯುತ್ತಿದ್ದಳು. ಒಂದು ದಿನ ಒಳ್ಳೆಯ ಹಲಗೆಯೊಂದು ಅವಳ ಕೈಯಲ್ಲಿ ಸೀಳಿತು. "ಈ ಕೈ ಸೌಟು ಹಿಡಿಯೋಕೇ ಸರಿ" ಎಂದುಬಿಟ್ಟರು ಅತ್ತೆ. ಅಕ್ಕ ಏಪ್ರನ್ ಬಿಚ್ಚಿಟ್ಟು ಹೋದವಳು ಮತ್ತೆ ಈ ಮೆಟ್ಟಿಲು ಹತ್ತಿರಲಿಲ್ಲ. ಇಬ್ಬರ ನಡುವೆ ಮಾತು ನಿಂತು ವರ್ಷಗಳಾಗಿದ್ದವು. ಅಂಥವಳು ಗಂಡನಿಗೋಸ್ಕರ ಹಳೇ ಮುನಿಸನ್ನೆಲ್ಲ ನುಂಗಿಕೊಂಡಳಲ್ಲ ಎಂದು ಚೂಟಿಗೆ ಅಕ್ಕನ ಮೇಲೆ ಅಭಿಮಾನ ಉಕ್ಕಿತ್ತು.

"ಸಿಕ್ತು!" ಅತ್ತೆ ಕೂಗಿದರು. "ಇಲ್ಲಿ ನೋಡು, ಪಕ್ಕದ ಹಲಗೆಯ ಒಳಮೈ. ಸಾಲಾಗಿ ಸಣ್ಣ ಸಣ್ಣ ಮರದ ತೇಪೆ ಕಾಣ್ತಾ? ಹಿಂದೊಂದ್ಸಲ ಯಾರೋ ಮೆಟ್ಟಿಲ ಮೇಲಿಂದ ಬೀಳಿಸಿ ಸೀಳು ಬಿಟ್ಟಿತ್ತು. ಆಗ ಹಾಕಿದ್ದು. ಎಂಥಾ ಕೆಲಸ ನೋಡು! ಹೊರಗಡೆಯಿಂದ ಸೀಳು ಎಲ್ಲಿತ್ತು ಅಂತ ದೇವರಿಗೂ ಗೊತ್ತಾಗಲ್ಲ. ಮಾಡಿದ್ಯಾರು?"

"ಯಾರು?"

"ನಾನೇ ಕಣೇ!"

ತಮ್ಮನ್ನು ಹೊಗಳಿಕೊಳ್ಳುವುದರಲ್ಲಿ ಅತ್ತೆ ಎಂದೂ ಜಿಪುಣತನ ಮಾಡಿದವರಲ್ಲ. ಕಾಲೇಜಿನ ಭೌತಶಾಸ್ತ್ರ ತರಗತಿಯಲ್ಲಿ ಶಬ್ದದ ಪಾಠ ಹೇಳಿ ಹೇಳಿ ಬೇಸತ್ತು, ಕೊನೆಗೆ ಶಬ್ದ ಮಾಡುವ ಪೆಟ್ಟಿಗೆಗಳಿಗೇ ಗಂಟುಬಿದ್ದವರು. ಕೆಳಗೆ ಸೈಕಲ್ ಅಂಗಡಿ, ಮೇಲೆ ಇವರ ಕೋಣೆ. ಗೋಡೆಯ ತುಂಬ ಕುತ್ತಿಗೆ ಕಳಚಿದ ಗಿಟಾರುಗಳು, ದೇಹವಿಲ್ಲದ ಕುತ್ತಿಗೆಗಳು, ಮರವನ್ನು ಬಿಗಿದು ಹಿಡಿಯುವ ಬಗೆಬಗೆಯ ಕ್ಲಾಂಪುಗಳು. ಕಿಟಕಿಯ ಬಳಿ ಬಿಸಿನೀರಿನ ಬಟ್ಟಲಲ್ಲಿ ಕೂತ ಅಂಟಿನ ಡಬ್ಬಿ. ಅದರ ವಾಸನೆಗೆ ಹೊಸಬರು ಮೂಗು ಮುಚ್ಚುತ್ತಾರೆ; ಅತ್ತೆಗೆ ಅದು ಅತ್ತರು.

ಚೂಟಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. "ಅಂದ್ರೆ ಇದು ಅಸಲಿ ಅಜ್ಜಿನೇ! ಭಾವ ಬಚಾವ್!"

ಶಾಲೆಯವರು ಆ ಗಿಟಾರನ್ನು ಕರೆಯುತ್ತಿದ್ದದ್ದೇ 'ಅಜ್ಜಿ' ಎಂದು. ಶಾಲೆ ಹುಟ್ಟುವ ಮೊದಲೇ ಹುಟ್ಟಿದ ವಾದ್ಯ. ಮಕ್ಕಳು ಅದರ ಮುಂದೆ ಗಲಾಟೆ ಮಾಡುತ್ತಿರಲಿಲ್ಲ. ಅದನ್ನು ನುಡಿಸಲು ಕೈಗೆ ಕೊಟ್ಟರೆಂದರೆ ದೊಡ್ಡ ಮರ್ಯಾದೆ. ಭಾವನಿಗೆ ಆ ಮರ್ಯಾದೆ ಸಿಕ್ಕಿದ್ದು ಮೊನ್ನೆಯ ವಾರಾಂತ್ಯ, ಅದೂ ಮೊದಲ ಸಲ.

"ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ಬೇಡ" ಎನ್ನುತ್ತ ಅತ್ತೆ ಬೆರಳ ಗೆಣ್ಣಿನಿಂದ ಗಿಟಾರಿನ ಮೇಲ್ಹಲಗೆಯನ್ನು ಮೆಲ್ಲಗೆ ಬಡಿದರು. ಕಿವಿಯಿಟ್ಟರು. ಮತ್ತೆ ಬಡಿದರು. "ಬೆನ್ನು ಅಜ್ಜಿದೇ. ಪಕ್ಕೆಯೂ ಅಜ್ಜಿದೇ. ಈ ಮುಖ ಯಾಕೋ..."

ಮಾತು ಅಲ್ಲಿಗೇ ಬಿಟ್ಟು ಕೈಯನ್ನೇ ಒಳಗೆ ತೂರಿಸಿದರು. ಮೇಲ್ಹಲಗೆ ಬಾಗದಂತೆ ಅದರ ಅಡಿಯಲ್ಲಿ ಅಂಟಿಸಿರುವ ಪಟ್ಟಿಗಳನ್ನು ಒಂದೊಂದಾಗಿ ಸವರುತ್ತ ಹೋದ ಬೆರಳು ಒಂದು ಕಡೆ ನಿಂತಿತು.

"ನೀನು ಕೈ ಹಾಕು. ಪಟ್ಟಿಯ ತುದಿ ಸವರು. ಹೇಗಿದೆ?"

"ನುಣ್ಣಗಿದೆ, ಅತ್ತೆ. ಮಗು ಕೆನ್ನೆ ಥರ."

"ಯಾರ ಕಣ್ಣಿಗೂ ಬೀಳದ ಜಾಗ ಅದು. ಕಾರ್ಖಾನೆಯವರು ಕತ್ತರಿಸಿ ಅಂಟಿಸಿ ಕೈ ತೊಳೀತಾರೆ. ಇಲ್ಲಿ ಯಾರೋ ಕೂತು ಉಜ್ಜಿದ್ದಾರೆ. ಯಾಕೆ ಗೊತ್ತಾ? ನಾಳೆ ರಿಪೇರಿಗೆ ಅಂತ ಕೈ ಹಾಕೋರಿಗೆ ಸಿಬಿರು ಚುಚ್ಚಬಾರದು ಅಂತ." ಅವರು ಕೈ ಹೊರಗೆಳೆದು ಬೆರಳ ತುದಿಯನ್ನೇ ನೋಡಿಕೊಂಡರು. ಆಮೇಲೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಹೇಳಬೇಕಾದ್ದು ಇನ್ನೂ ಇತ್ತೆಂದು ಚೂಟಿಗೆ ಅನ್ನಿಸಿತು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಕೆಮ್ಮು ಕೇಳಿಸಿತು. ಸಂಗೀತ ಶಾಲೆಯ ಮೇಷ್ಟ್ರು. ಇಸ್ತ್ರಿ ಕೆಡದ ಬಿಳಿ ಅಂಗಿ, ಎಡ ಮಣಿಕಟ್ಟಿಗೆ ಸುತ್ತಿದ ಪಟ್ಟಿ, ರಾತ್ರಿ ನಿದ್ದೆಯಿಲ್ಲದ ಕಣ್ಣು. ಕೂರಿ ಎಂದರೂ ಕೂರಲಿಲ್ಲ.

"ನೋಡಮ್ಮ," ಎಂದರು ಚೂಟಿಯತ್ತ ತಿರುಗಿ. "ನಿಮ್ಮನೆಯವರು ನಿಮ್ಮನೆಯವರನ್ನೇ ಪರೀಕ್ಷೆ ಮಾಡಿದ್ರೆ ಫಲಿತಾಂಶ ಏನು ಬರತ್ತೆ ಅಂತ ನಂಗೆ ಗೊತ್ತಿಲ್ವಾ?"

"ಮೇಷ್ಟ್ರೇ, ನಾನು ಪರೀಕ್ಷೆ ಮಾಡ್ತಿರೋದು ಗಿಟಾರನ್ನ, ಅಳಿಯನ್ನಲ್ಲ" ಎಂದರು ಅತ್ತೆ. "ಇದು ಅಜ್ಜಿ ದೇಹವೇ. ಒಳಗಡೆ ನನ್ನ ತೇಪೆ ಇದೆ. ಬೇಕಾದ್ರೆ ಕನ್ನಡಿ ಹಿಡಿದು ನೋಡಿ."

"ನನಗೆ ಕನ್ನಡಿ ಬೇಡ. ಕಿವಿ ಇದೆ."

ಮೇಷ್ಟ್ರು ಗಿಟಾರನ್ನು ಎತ್ತಿ ಎದೆಗೊರಗಿಸಿಕೊಂಡರು. ಆ ಎತ್ತುವ ಬಗೆಯಲ್ಲೇ ಚೂಟಿಯ ಸಿಟ್ಟು ಅರ್ಧ ಇಳಿಯಿತು. ನಿದ್ದೆಯಲ್ಲಿರುವ ಕೂಸನ್ನು ತೊಟ್ಟಿಲಿನಿಂದ ತೆಗೆಯುವವರೂ ಅಷ್ಟು ಜೋಪಾನ ಮಾಡುವುದಿಲ್ಲ. ಅವರು ನೋಯುವ ಮಣಿಕಟ್ಟನ್ನು ಬಾಗಿಸಿ ಒಂದೇ ಒಂದು ತಂತಿ ಮೀಟಿದರು. ಸ್ವರ ಕೋಣೆಯನ್ನು ಒಂದು ಸುತ್ತು ಹಾಕಿ ಕಿಟಕಿಯಿಂದ ಹೊರಗೆ ಹೋಯಿತು. ಕೆಳಗೆ ಸೈಕಲ್ ಅಂಗಡಿಯಲ್ಲಿ ಸುತ್ತಿಗೆಯ ಸದ್ದು ನಿಂತಿತು.

"ಚೆನ್ನಾಗಿದೆ," ಎಂದರು ಮೇಷ್ಟ್ರು. "ಸುಳ್ಳು ಯಾಕೆ ಹೇಳಲಿ, ತುಂಬಾನೇ ಚೆನ್ನಾಗಿದೆ. ಆದ್ರೆ ವಯಸ್ಸು ಸಾಲದು. ಅಜ್ಜಿ ಸ್ವರ ತಡವಾಗಿ ಎದ್ದು ತಡವಾಗಿ ಮಲಗ್ತಿತ್ತು. ಇದು ಚಂಗನೆ ಏಳತ್ತೆ, ಬೇಗ ಸುಸ್ತಾಗತ್ತೆ. ಅಜ್ಜಿ ಕೂತಿದ್ದ ಕುರ್ಚಿಯಲ್ಲಿ ಮೊಮ್ಮಗಳು ಬಂದು ಕೂತಿದ್ದಾಳೆ, ಅಮ್ಮ. ನಾನು ಇಪ್ಪತ್ತೈದು ವರ್ಷ ಜೊತೆಗಿದ್ದವನು. ನನಗೆ ಗೊತ್ತಾಗಲ್ವಾ?"

ಕೊನೆಯ ಮಾತಿಗೆ ಅವರು ಗಿಟಾರನ್ನು ಇನ್ನಷ್ಟು ಎದೆಗೊತ್ತಿಕೊಂಡರು. ಕಳ್ಳ ಎಂದು ಭಾವನನ್ನು ಬೈದ ಈ ಮನುಷ್ಯನನ್ನು ಬೆಳಗಿನಿಂದ ಶಪಿಸುತ್ತಿದ್ದ ಚೂಟಿಗೆ ಈಗ ನಾಚಿಕೆಯಾಯಿತು.

ಅತ್ತೆ ಎರಡೂ ಕೈ ಜೋಡಿಸಿದರು. "ನಿಮ್ಮ ಕಿವಿಗೆ ದೊಡ್ಡ ನಮಸ್ಕಾರ, ಮೇಷ್ಟ್ರೇ. ನೀವು ಹೇಳಿದ್ದೇ ಸರಿ."

"ಅತ್ತೆ!" ಚೂಟಿ ಬೆಚ್ಚಿದಳು. "ಈಗ ತಾನೇ ಅಸಲಿ ಅಂದ್ರಿ!"

"ನಾನು ಹೇಳಿದ್ದೂ ಸರಿ."

"ಇಬ್ಬರೂ ಹೇಗೆ ಸರಿ ಆಗೋಕೆ ಸಾಧ್ಯ?"

"ಅದಕ್ಕೇ ಬ್ರಿಡ್ಜ್ ಎತ್ತಬೇಕು ಅನ್ನೋದು." ತಂತಿಗಳ ಬುಡವನ್ನು ಹಿಡಿದಿಡುವ, ಮೇಲ್ಹಲಗೆಗೆ ಅಂಟಿಸಿದ ಕರಿಮರದ ತುಂಡನ್ನು ಅತ್ತೆ ತೋರಿಸಿದರು. "ಮೇಷ್ಟ್ರೇ, ಗೋಡೆಯಿಂದ ಹಳೇ ಕ್ಯಾಲೆಂಡರ್ ತೆಗೆದ್ರೆ ಅದರಡಿ ಬಣ್ಣ ಹೇಗಿರತ್ತೆ?"

"ಸುತ್ತಲಿಗಿಂತ ತಿಳಿಯಾಗಿರತ್ತೆ."

"ಮರವೂ ಅಷ್ಟೇ. ಬೆಳಕು ಬಿದ್ದ ಕಡೆಯೆಲ್ಲ ವರ್ಷ ಕಳೆದ ಹಾಗೆ ಜೇನಿನ ಬಣ್ಣಕ್ಕೆ ತಿರುಗತ್ತೆ. ಬ್ರಿಡ್ಜ್ ಅಡಿಗೆ ಬೆಳಕೇ ಹೋಗಲ್ಲ. ಇದು ಅಜ್ಜಿದೇ ಮುಖ ಆಗಿದ್ರೆ ಅಲ್ಲಿ ಮರ ಬೆಳ್ಳಗಿರಬೇಕು. ಇಲ್ಲದಿದ್ರೆ..."

"ಎತ್ತುವಾಗ ಹಲಗೆ ಕಿತ್ತು ಬಂದ್ರೆ?"

"ಬೇರೆಯವರು ಎತ್ತಿದ್ರೆ ಬರತ್ತೆ."

ಮೇಷ್ಟ್ರು ಚೂಟಿಯನ್ನು ನೋಡಿದರು, ಗಿಟಾರನ್ನು ನೋಡಿದರು, ಕೊನೆಗೆ ತಲೆಯಾಡಿಸಿದರು. ಆದರೆ ಕಣ್ಣು ಮಾತ್ರ ಬೇರೆಡೆ ತಿರುಗಿಸಿಕೊಂಡರು. ಮಗುವಿಗೆ ಇಂಜೆಕ್ಷನ್ ಕೊಡಿಸುವ ತಂದೆ ಹಾಗೇ ಮಾಡುವುದು.

ಅತ್ತೆ ತಂತಿಗಳನ್ನು ಸಡಿಲಿಸಿ ಬಿಚ್ಚಿದರು. ಬ್ರಿಡ್ಜಿನ ಸುತ್ತ ದಪ್ಪ ರಟ್ಟು ಹೊದಿಸಿ, ಕಾಯಿಸಿದ ಕಬ್ಬಿಣದ ಬಿಲ್ಲೆಯನ್ನು ಅದರ ಮೇಲಿಟ್ಟು ಕಾದರು. ಅಂಗೈಯಿಂದ ಬಿಸಿಯನ್ನು ಅಳೆದು, ಸವೆದು ತೆಳ್ಳಗಾದ ಅಲಗೊಂದನ್ನು ನೀರಲ್ಲಿ ಅದ್ದಿ, ಬ್ರಿಡ್ಜಿನ ಒಂದು ಮೂಲೆಯಡಿ ಕೊಟ್ಟರು. ಒತ್ತಲಿಲ್ಲ. ಅಲಗನ್ನು ಅಲ್ಲೇ ಬಿಟ್ಟು ಮರ ತಾನಾಗಿ ಒಪ್ಪುವವರೆಗೆ ಕಾದರು. ಒಂದು ಕೂದಲೆಳೆ ಜಾಗ ಬಿಟ್ಟಿತು. ಅಲಗು ಅಷ್ಟೇ ಮುಂದೆ ಹೋಯಿತು. ಮತ್ತೆ ಬಿಸಿ, ಮತ್ತೆ ಕಾಯುವಿಕೆ. ಚೂಟಿ ಎಷ್ಟೋ ಬೀಗ ತೆಗೆಯುವವರನ್ನು, ಎಷ್ಟೋ ಸುಳ್ಳುಗಾರರ ಬಾಯಿ ಬಿಡಿಸುವವರನ್ನು ಕಂಡಿದ್ದಳು. ಇಷ್ಟು ತಾಳ್ಮೆಯಿಂದ ಗುಟ್ಟು ಬಿಡಿಸುವವರನ್ನು ಕಂಡಿರಲಿಲ್ಲ. ಅತ್ತೆ ತಮ್ಮನ್ನು ತಾವು ಹೊಗಳಿಕೊಳ್ಳುವುದು ಕಡಿಮೆಯೇ ಆಯಿತೆಂದು ಅವಳಿಗೆ ಅನ್ನಿಸಿತು.

'ಟಿಕ್' ಎಂಬ ಸಣ್ಣ ಸದ್ದಿನೊಡನೆ ಬ್ರಿಡ್ಜ್ ಕೈಗೆ ಬಂತು. ಒಂದು ಎಳೆ ಮರವೂ ಅದರ ಜೊತೆ ಏಳಲಿಲ್ಲ.

ಮೂವರೂ ಬಗ್ಗಿದರು.

ಅಡಿಯಲ್ಲಿ ಬೆಳ್ಳಗಿನ ಗುರುತಿರಲಿಲ್ಲ. ಸುತ್ತ ಯಾವ ಜೇನು ಬಣ್ಣವಿತ್ತೋ ಅದೇ ಬಣ್ಣ ಬ್ರಿಡ್ಜಿನ ಅಡಿಯಲ್ಲೂ ಇತ್ತು.

"ಇದೇನಿದು?" ಮೇಷ್ಟ್ರ ದನಿ ಪಿಸುಮಾತಾಯಿತು.

"ಇಡೀ ಹಲಗೆಗೆ ಮೊದಲೇ ಬಣ್ಣ ಕುಡಿಸಿ, ಆಮೇಲೆ ಬ್ರಿಡ್ಜ್ ಕೂರಿಸಿದ್ದಾರೆ. ಅಂಟು ಹಿಡಿಯಲಿ ಅಂತ ಮೇಲಿನ ಪಾಲಿಶ್ ಮಾತ್ರ ಕೆರೆದು ತೆಗೆದಿದ್ದಾರೆ, ನೋಡಿ. ಒಳಗಿಳಿದ ಬಣ್ಣ ಹಾಗೇ ಉಳಿದಿದೆ. ಸೋಮಾರಿ ಕೆಲಸಗಾರ ಆಗಿದ್ರೆ ಬ್ರಿಡ್ಜ್ ಕೂರೋ ಜಾಗಕ್ಕೆ ಯಾಕೆ ಬಣ್ಣ ಅಂತ ಬಿಟ್ಟುಬಿಡ್ತಿದ್ದ, ನಾನೂ ಮೋಸ ಹೋಗ್ತಿದ್ದೆ. ಇವರ ಅಚ್ಚುಕಟ್ಟೇ ಇವರಿಗೆ ಕೈಕೊಟ್ಟಿದ್ದು." ಅತ್ತೆ ನೆಟ್ಟಗೆ ನಿಂತರು. "ಮೇಷ್ಟ್ರೇ, ಅಜ್ಜಿಯನ್ನ ಯಾರೂ ಕದ್ದಿಲ್ಲ. ಅಜ್ಜಿ ಮುಖ ಕದ್ದಿದ್ದಾರೆ. ಗಿಟಾರಿನ ದನಿ ಇರೋದೇ ಮೇಲ್ಹಲಗೆಯಲ್ಲಿ. ಅದನ್ನ ಬಿಡಿಸ್ಕೊಂಡು ಹೊಸ ಹಲಗೆ ಕೂರಿಸಿದ್ದಾರೆ."

ಮೇಷ್ಟ್ರು ಈಗ ಕೂತರು.

ಚೂಟಿ ಇಪ್ಪತ್ತೆಂಟು ಬಗೆಯ ಕಳ್ಳರನ್ನು ಹಿಡಿದವಳು. ಮನೆಯ ಗೋಡೆಗಳನ್ನೆಲ್ಲ ಹಾಗೇ ಬಿಟ್ಟು ಮನೆ ಕದ್ದವರನ್ನು ಇದೇ ಮೊದಲು ನೋಡುತ್ತಿದ್ದಳು. ಕನ್ನಡಿಯಲ್ಲಿ ನೋಡಿದವರಿಗೆ ಅನುಮಾನ ಬರಬಾರದೆಂದು ಹಳೆಯ ಪಟ್ಟಿಗಳನ್ನೇ ಬಿಡಿಸಿ ಹೊಸ ಹಲಗೆಯಡಿ ಮತ್ತೆ ಅಂಟಿಸಿದ್ದರು. ವರ್ಷಗಟ್ಟಲೆ ಬೆರಳು ತಾಗಿ ಸವೆದ ಗುರುತು ಹೊಸ ಹಲಗೆಯ ಮೇಲೂ ಅದೇ ಜಾಗದಲ್ಲಿ ಅದೇ ಆಕಾರದಲ್ಲಿತ್ತು. ಅಂಚಿನ ಬಿಳಿ ಪಟ್ಟಿಯನ್ನು ಎಲ್ಲಿ ಕಿತ್ತರು, ಎಲ್ಲಿ ಸೇರಿಸಿದರು ಎಂದು ಭೂತಕನ್ನಡಿ ಹಿಡಿದರೂ ತಿಳಿಯುತ್ತಿರಲಿಲ್ಲ. ಇಂಥ ಕಳ್ಳ ಸಿಕ್ಕರೆ ಬೇಡಿ ತೊಡಿಸುವ ಮೊದಲು ಒಮ್ಮೆ ಆ ಕೈ ಕುಲುಕಬೇಕೆಂದು ಅವಳಿಗೆ ನಿಜಕ್ಕೂ ಆಸೆಯಾಯಿತು.

"ನೀವಾಗಿದ್ರೆ ಇದನ್ನ ಇಷ್ಟು ಚೆನ್ನಾಗಿ ಮಾಡ್ತಿದ್ರಾ, ಅತ್ತೆ?" ಎಂದು ತಮಾಷೆಗೆ ಕೇಳಿದಳು.

"ಇಲ್ಲ," ಎಂದರು ಅತ್ತೆ. "ಇದು ನನ್ನ ಕೆಲಸಕ್ಕಿಂತ ಒಂದು ಕೈ ಮೇಲು."

ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ ಎಂದಿದ್ದರೂ ಚೂಟಿ ಅಷ್ಟು ದಂಗಾಗುತ್ತಿರಲಿಲ್ಲ. ಅತ್ತೆ ಬೇರೆಯವರ ಕೆಲಸವನ್ನು ತಮ್ಮದಕ್ಕಿಂತ ಮೇಲು ಎಂದದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಆದರೆ ಮೊದಲು ಭಾವನ ವಿಷಯ ಇತ್ಯರ್ಥವಾಗಬೇಕಿತ್ತು.

"ಇದಕ್ಕೆ ಎಷ್ಟು ಕಾಲ ಬೇಕು?"

"ವಾರಗಟ್ಟಲೆ. ಹಲಗೆ ಕೂರಿಸಿ ಅಂಟು ಆರಬೇಕು. ಅರಗಿನ ಪಾಲಿಶ್ ತೆಳ್ಳಗೆ ಒಂದರ ಮೇಲೊಂದು ಉಜ್ಜಬೇಕು, ಪ್ರತಿ ಸಲ ಒಣಗಬೇಕು. ಉಗುರು ಒತ್ತಿ ನೋಡಿ ಮೇಷ್ಟ್ರೇ, ಗುರುತು ಬೀಳಲ್ಲ. ಕಲ್ಲಾಗಿದೆ."

ಮೇಷ್ಟ್ರು ಒತ್ತಿ ನೋಡಲಿಲ್ಲ. "ನಿಮ್ಮ ಭಾವನ ಕೈಗೆ ಕೊಟ್ಟಿದ್ದು ಬರೀ ಒಂದು ವಾರಾಂತ್ಯಕ್ಕೆ," ಎಂದರು ನಿಧಾನವಾಗಿ. "ನಾನು ಅನ್ಯಾಯವಾಗಿ ಒಬ್ಬ ಸಭ್ಯನ ಮೇಲೆ ಗೂಬೆ ಕೂರಿಸಿದೆ. ಅವರ ಮನೆಗೆ ಹೋಗಿ ಕ್ಷಮೆ ಕೇಳ್ತೀನಿ, ಅಮ್ಮ. ಎಲ್ಲರ ಮುಂದೇನೇ ಕೇಳ್ತೀನಿ."

ಚೂಟಿಗೆ ಕಣ್ಣು ತುಂಬಿಬಂತು. ತಪ್ಪಾಯಿತೆಂದು ಇಷ್ಟು ನೇರವಾಗಿ ಹೇಳುವವರು ಅವಳ ವೃತ್ತಿಯಲ್ಲಿ ಅಪರೂಪ.

"ಆದ್ರೆ ಕಳ್ಳತನ ಆಗಿರೋದು ನಿಜ," ಮೇಷ್ಟ್ರು ಮುಂದುವರಿಸಿದರು. "ಸಂಜೆ ದೂರು ಕೊಡಲೇಬೇಕು. ಯಾರ ಹೆಸರು ಕೊಡಲಿ?"

"ಭಾವ ಒಯ್ಯೋಕೆ ಮುಂಚೆ ಇದನ್ನ ಕೊನೆಗೆ ನುಡಿಸಿದ್ದು ಯಾರು, ಯಾವಾಗ?"

"ನಾನೇ. ದೊಡ್ಡ ರಜೆಗೆ ಮುಂಚೆ. ಆಮೇಲೆ ಮಣಿಕಟ್ಟು ಉಳುಕಿ ಮುಟ್ಟೋಕಾಗಲಿಲ್ಲ."

"ರಜೆಯಲ್ಲಿ ಎಲ್ಲಿತ್ತು?"

"ಶಾಲೆಗೆ ಬಣ್ಣ ಬಳೀತಿದ್ರು ಅಂತ ನಮ್ಮನೆ ಬೀರುವಿನಲ್ಲಿಟ್ಟಿದ್ದೆ. ನಾನು ರಜೆಯೆಲ್ಲ ಮಗಳ ಮನೆಯಲ್ಲಿದ್ದೆ."

"ಮನೆ ಕೀಲಿ?"

"ಹೂಗಿಡಕ್ಕೆ ನೀರು ಹಾಕೋಕೆ ಅಂತ ಎದುರು ಮನೇಲಿ ಕೊಟ್ಟಿದ್ದೆ. ನಿಮ್ಮ ಅಕ್ಕನ ಕೈಲಿ. ನಿಮ್ಮ ಭಾವ ಆಗ ಊರಲ್ಲಿರಲಿಲ್ಲ, ರಜೆ ಶಿಬಿರದಲ್ಲಿ ಪಾಠ ಹೇಳೋಕೆ ಹೋಗಿದ್ರಲ್ಲ. ಪಾಪ, ಆಯಮ್ಮ ಒಂದು ಗಿಡ ಒಣಗೋಕೆ ಬಿಡಲಿಲ್ಲ."

ಚೂಟಿ ನಕ್ಕುಬಿಟ್ಟಳು. "ಅಕ್ಕನ ಕಣ್ಣು ತಪ್ಪಿಸಿ ಯಾರೋ ನುಗ್ಗಿರಬೇಕು ಹಾಗಾದ್ರೆ. ಅವಳೋ, ಗೋಡೆಗೊಂದು ಮೊಳೆ ಹೊಡೆಯೋಕೂ ಭಾವನ್ನ ಕರೆಯೋಳು!"

ನಗುವಿಗೆ ಜೊತೆ ಸಿಗಲಿಲ್ಲ. ಮೇಷ್ಟ್ರು ಬೋಳಾದ ಮೇಲ್ಹಲಗೆಯ ಮೇಲೆ ಬಗ್ಗಿ ಕಿವಿಯಿಟ್ಟು ಬೆರಳಾಡಿಸುತ್ತಿದ್ದರು. ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಅಂಟಿನ ಡಬ್ಬಿಯನ್ನು ಸುಮ್ಮನೆ ಕದಡುತ್ತಿದ್ದರು.

ಚೂಟಿ ಅವರ ಪಕ್ಕಕ್ಕೆ ಹೋಗಿ ನಿಂತಳು. "ಅತ್ತೆ?"

"ಸಿಬಿರು ಚುಚ್ಚಬಾರದು ಅಂತ ಪಟ್ಟಿ ತುದಿ ಉಜ್ಜೋದು ಯಾವ ಕಾರ್ಖಾನೆಯ ಪದ್ಧತೀನೂ ಅಲ್ಲ, ಚೂಟಿ," ಎಂದರು ಅತ್ತೆ, ಮೇಷ್ಟ್ರಿಗೆ ಕೇಳದಷ್ಟು ಮೆಲ್ಲಗೆ. "ತೇಪೆ ಹಾಕಿದಾಗ ನಾನು ಈ ಪಟ್ಟಿ ಮುಟ್ಟಿರಲಿಲ್ಲ. ಆದ್ರೆ ಆ ಪದ್ಧತಿ ನಂದು. ಈ ಕೋಣೆಯಲ್ಲಿ ಕೂತು ಅದನ್ನ ಕಲಿತವಳು ಒಬ್ಬಳೇ."

ಚೂಟಿ ತಿರುಗಿ ಗಿಟಾರನ್ನು ನೋಡಿದಳು. ಬೆಳಗಿನಿಂದ ಒಬ್ಬರನ್ನು ಉಳಿಸಲು ಓಡಾಡಿದ್ದಳು. ಉಳಿಸಿದ್ದಳು ಕೂಡ. ಅವರ ಜಾಗಕ್ಕೆ ಯಾರನ್ನು ತಂದು ನಿಲ್ಲಿಸಿದ್ದೇನೆಂದು ಈಗ ತಿಳಿಯಿತು.

"ಏನಮ್ಮ, ಯಾರ ಹೆಸರು ಬರೀಲಿ?" ಮೇಷ್ಟ್ರು ತಲೆಯೆತ್ತಿ ಕೇಳಿದರು.

"ಒಂದು ನಿಮಿಷ, ಮೇಷ್ಟ್ರೇ."

ಅವಳು ಮೆಟ್ಟಿಲಿಗೆ ಬಂದು ಬಾಗಿಲೆಳೆದುಕೊಂಡಳು. ಫೋನು ಒಂದು ಸಲ ಬಡಿದುಕೊಳ್ಳುವಷ್ಟರಲ್ಲಿ ಅಕ್ಕ ಎತ್ತಿದಳು.

"ಅಕ್ಕ, ಭಾವನ ಮೇಲೆ ಇನ್ನು ಏನೂ ಇಲ್ಲ. ಮೇಷ್ಟ್ರೇ ಒಪ್ಕೊಂಡ್ರು."

"ಹೂಂ."

ಗಂಡನ ಮಾನ ಉಳಿಯಿತೆಂದು ಕೇಳಿದ ಹೆಂಡತಿಯ ನಿಟ್ಟುಸಿರಿಗಾಗಿ ಚೂಟಿ ಕಾದಳು. ಅದು ಬರಲೇ ಇಲ್ಲ.

"ಅವರು ಈಗ ಬೇರೆ ಹೆಸರು ಕೇಳ್ತಿದ್ದಾರೆ. ನಾನು ಒಳಗೆ ಹೋಗಿ ಏನಾದ್ರೂ ಹೇಳಲೇಬೇಕು. ಕೇಳಿಸ್ತಾ, ಅಕ್ಕ?"

"ಕೇಳಿಸ್ತು ಕಣೇ. ಅದು ಇರಲಿ." ಅಕ್ಕನ ದನಿಯಲ್ಲಿ ಈಗ ಪರೀಕ್ಷೆ ಬರೆದು ಬಂದ ಹುಡುಗಿಯ ಅಳುಕಿತ್ತು. "ಅತ್ತೆ ಒಳಗೆಲ್ಲ ಕೈಯಾಡಿಸಿ ನೋಡಿದ್ರಲ್ಲ. ಕೆಲಸ ಹೇಗಿದೆ ಅಂದ್ರು?"